ಶರಭ, ಸಾರಿನ ಪುಡಿ, ಸಿಂಡಿಕೇಟು

ಸೆಗಯಾದ ಗಲ್ಲಿಗಳಲ್ಲಿ ಹಳೆಯ ತಲೆಮಾರಿನ ಬಹರೈನಿಗಳು ನೂರು ಫಿಲ್ಸ್‌ಗೆ ‘ರುಬಿಯಾ’ ಎನ್ನುತ್ತಾರೆ. ಹಾಲು, ಬ್ರೆಡ್ಡು, ಸಿಗರೇಟು, ಸೋಪು ಎಲ್ಲವನ್ನೂ ಮಾರುವ ಮೂಲೆಯಂಗಡಿಗೆ ಈ ಊರಿನಲ್ಲಿ ಕೋಲ್ಡ್ ಸ್ಟೋರ್ ಎಂದೇ ಹೆಸರು. ಅಲ್ಲಿ ಯಾರಾದರೂ ಅಜ್ಜ ಬಂದು ಎರಡು ರುಬಿಯಾದ ಸಾಮಾನು ಕೇಳಿದರೆ ಮಲಯಾಳಿ ಹುಡುಗ ಕ್ಷಣವೂ ಯೋಚಿಸದೆ ಇನ್ನೂರು ಫಿಲ್ಸ್ ಮುರಿದುಕೊಳ್ಳುತ್ತಾನೆ. ಊರಿನಿಂದ ಹೊಸದಾಗಿ ಬಂದ ನಮ್ಮವರು ಇದನ್ನು ಕೇಳಿ ಮೊದಲು ಬೆರಗಾಗುತ್ತಾರೆ, ಆಮೇಲೆ ತಾವೂ ಹಾಗೆಯೇ ಹೇಳಲು ಶುರುಮಾಡುತ್ತಾರೆ.

ಈ ಮಾತಿನ ಹಿಂದೆ ಒಂದು ಇತಿಹಾಸವಿದೆ. ಬಹರೈನಿನ ಮುತ್ತುಗಳು ಬೊಂಬಾಯಿಯ ಪೇಟೆಗೆ ಹೋಗುತ್ತಿದ್ದ ಕಾಲದಲ್ಲಿ ಇಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1932ರಲ್ಲಿ ಎಣ್ಣೆ ಸಿಕ್ಕಿದ ಮೇಲೂ ಅದೇ ಮುಂದುವರಿಯಿತು. ಕೊಲ್ಲಿಯ ದಾರಿಯಾಗಿ ಚಿನ್ನದ ಕಳ್ಳಸಾಗಣೆ ನಡೆದು ಭಾರತದ ವಿದೇಶಿ ವಿನಿಮಯ ಸೋರತೊಡಗಿದಾಗ, 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸಿತು. 1965ರಲ್ಲಿ ಬಹರೈನ್ ತನ್ನದೇ ದಿನಾರ್ ತಂದಿತು. ಹತ್ತು ರೂಪಾಯಿಗೆ ಒಂದು ದಿನಾರ್. ಒಂದು ದಿನಾರಿಗೆ ಸಾವಿರ ಫಿಲ್ಸ್. ಹಾಗಾಗಿ ಒಂದು ರೂಪಾಯಿಯ ಜಾಗದಲ್ಲಿ ನೂರು ಫಿಲ್ಸ್ ಬಂದು ಕೂತಿತು, ಹೆಸರು ಮಾತ್ರ ಎದ್ದು ಹೋಗಲಿಲ್ಲ. ನೋಟು ಹೋಗಿ ಅರವತ್ತು ವರ್ಷವಾಯಿತು. ಈ ನಡುವೆ ಭಾರತದ ರೂಪಾಯಿ ಎಷ್ಟು ಇಳಿದಿದೆಯೆಂದರೆ ಇಂದಿನ ಒಂದು ದಿನಾರಿಗೆ ಇನ್ನೂರಕ್ಕೂ ಹೆಚ್ಚು ರೂಪಾಯಿ ಸಿಗುತ್ತದೆ. ಸೆಗಯಾದ ಅಜ್ಜನ ಬಾಯಲ್ಲಿ ಮಾತ್ರ ಹತ್ತು ರುಬಿಯಾಕ್ಕೆ ಒಂದು ದಿನಾರಿನ ಲೆಕ್ಕ ಕದಲಿಲ್ಲ.

ನಾಣ್ಯದ ಹೆಸರು ಹೀಗೆ ಬಾಯಲ್ಲಿ ಉಳಿಯುವುದಾದರೆ ಸೋಪಿನದು, ಸಾರಿನ ಪುಡಿಯದು ಯಾಕೆ ಉಳಿಯಬಾರದು? ಅದೇ ಅಂಗಡಿಯ ಶೆಲ್ಫಿನ ಮುಂದೆ ನಿಂತ ನಮ್ಮವರ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಜಗತ್ತಿನ ಹತ್ತಾರು ದೇಶಗಳ ಸೋಪುಗಳ ನಡುವೆ ಮೈಸೂರು ಸ್ಯಾಂಡಲ್ ಪೆಟ್ಟಿಗೆ, ಮಸಾಲೆಗಳ ಸಾಲಿನಲ್ಲಿ ಎಂಟಿಆರ್. ಯಾಕೆ ಎಂದು ಕೇಳಿದರೆ ‘ಒಳ್ಳೆಯದು’ ಎನ್ನುತ್ತಾರೆ. ಬೇರೆಯವನ್ನು ಬಳಸಿ ನೋಡಿದ್ದೀರಾ ಎಂದರೆ ಇಲ್ಲ ಎನ್ನುತ್ತಾರೆ. ಜಾಹೀರಾತಿಗೆ ಮರುಳಾದರು ಎನ್ನುವಂತೆಯೂ ಇಲ್ಲ. ಇವುಗಳ ಜಾಹೀರಾತು ಇಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾದರೆ ಈ ನಿಷ್ಠೆ ಎಲ್ಲಿಂದ ಬಂತು? ಕೊಳ್ಳುವವನ ಮನಸ್ಸಿನಲ್ಲಿ ಹುಡುಕಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ, ಮಾರಿದವನು ಹಿಂದೆ ಯಾವತ್ತೋ ಏನು ಮಾಡಿದ ಎಂಬುದನ್ನು ನೋಡಬೇಕು ಎಂದು ನನ್ನ ಅನಿಸಿಕೆ. ನಮ್ಮ ನಾಡಿನ ಮೂರು ಹೆಸರುಗಳ ಕತೆ ತೆಗೆದುಕೊಂಡು ಅದನ್ನು ಪರೀಕ್ಷಿಸಬಹುದು.

ಮೊದಲು ಸೋಪು. ಗಂಧದ ಮರ ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ಅರಸೊತ್ತಿಗೆಯ ಸ್ವತ್ತು. ಮರದ ಕೊರಡುಗಳನ್ನು ಹರಾಜು ಹಾಕಿ ಹಡಗಿಗೇರಿಸುವುದು, ಯುರೋಪಿನಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ, ಅದರ ಎಣ್ಣೆ ಬಟ್ಟಿ ಇಳಿಸುವುದು, ಇದು ನಡೆದು ಬಂದ ಪದ್ಧತಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗುತ್ತಲೇ ಹಡಗು ನಿಂತಿತು, ಗಿರಾಕಿ ಶತ್ರುದೇಶದವನಾದ, ಕೊರಡುಗಳು ಗೋದಾಮಿನಲ್ಲಿ ಬಿದ್ದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು, ಕೈಗಾರಿಕಾ ಇಲಾಖೆಯಲ್ಲಿದ್ದವರು ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಡ್‌ಬರೋ ಮತ್ತು ವಾಟ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎಣ್ಣೆ ತೆಗೆಯುವ ವಿಧಾನವನ್ನು ಹದಕ್ಕೆ ತಂದರು. 1916ರಲ್ಲಿ ರಾಜ್ಯವೇ ಎಣ್ಣೆ ತೆಗೆಯತೊಡಗಿತು.

ಅರಮನೆಗೆ ಬಂದ ವಿದೇಶಿ ಅತಿಥಿಗಳು ಗಂಧದೆಣ್ಣೆಯ ಸೋಪನ್ನು ಉಡುಗೊರೆ ಕೊಟ್ಟರೆಂದೂ, ನಮ್ಮ ಮರದ ಎಣ್ಣೆಯ ಸೋಪನ್ನು ನಾವೇ ಯಾಕೆ ಮಾಡಬಾರದು ಎಂದು ಅರಸರಿಗೆ ಹೊಳೆಯಿತೆಂದೂ ಒಂದು ಕತೆ ಪ್ರಚಾರದಲ್ಲಿದೆ. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪು ಮತ್ತು ಸುಗಂಧದ್ರವ್ಯಗಳ ವಿದ್ಯೆ ಕಲಿತು ಬಂದದ್ದು ಕತೆಯಲ್ಲ. ಕಬ್ಬನ್ ಪಾರ್ಕಿನ ಬಳಿ ಸರ್ಕಾರಿ ಸೋಪು ಕಾರ್ಖಾನೆ ಹುಟ್ಟಿತು. ಒಡವೆ ಇಡುವ ಪೆಟ್ಟಿಗೆಯಂಥ ರಟ್ಟಿನ ಡಬ್ಬ, ಅದರೊಳಗೆ ಮೊಟ್ಟೆಯಾಕಾರದ ಬಿಲ್ಲೆ, ಬಿಲ್ಲೆಯ ಮೇಲೆ ಸಿಂಹದ ಮೈ ಆನೆಯ ತಲೆಯ ಶರಭ. ಜೊತೆಗೆ ‘ಶ್ರೀಗಂಧದ ತವರಿನಿಂದ’ ಎಂಬ ಎರಡು ಪದ. ಆ ‘ತವರು’ ಎಂಬ ಮಾತನ್ನು ಆರಿಸಿದವರು ಯಾರೋ, ಅವರಿಗೆ ವ್ಯಾಪಾರ ಗೊತ್ತಿತ್ತು. ಮದುವೆಯಾಗಿ ಬೊಂಬಾಯಿಗೋ ನಾಗಪುರಕ್ಕೋ ಹೋದ ಹೆಣ್ಣುಮಗಳು ಪೆಟ್ಟಿಗೆ ತೆರೆದರೆ ಮೂಗಿಗೆ ಮೊದಲು ಬರುವುದೇ ಆ ಪದ. ಸೋಪು ಮುಗಿದ ಮೇಲೆ ಖಾಲಿ ಡಬ್ಬ ಬೀರುವಿನಲ್ಲಿ ಸೀರೆಗಳ ನಡುವೆ ಸೇರುತ್ತಿತ್ತು. ಕೆಲವರ ಮನೆಯಲ್ಲಿ ಸೋಪನ್ನೂ ಬಳಸದೆ ಹಾಗೆಯೇ ಇಡುವುದಿತ್ತು. ಬಹರೈನಿನ ಆಗಸ್ಟಿನ ಕುದಿಯಲ್ಲಿ ಬಟ್ಟೆಬರೆ ಮುಗ್ಗಲು ಹಿಡಿಯುವಾಗ ನಮ್ಮ ಹೆಂಗಸರು ಈಗಲೂ ಹಾಗೇ ಮಾಡುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಆ ಕಾಲದ ಮಾರುಕಟ್ಟೆ. ತುಪ್ಪಕ್ಕೆ ಡಾಲ್ಡಾ, ಹಾಲಿಗೆ ನೀರು, ಅರಿಶಿನಕ್ಕೆ ಬಣ್ಣ, ಕಾಫಿಪುಡಿಗೆ ಹುಣಸೆಬೀಜ ಬೆರೆಸುವ ಲೋಕದಲ್ಲಿ ಕೊಳ್ಳುವವನಿಗೆ ಇದ್ದ ಭಯ ಒಂದೇ, ಮೋಸ. ಗಂಧದೆಣ್ಣೆಯಂಥ ದುಬಾರಿ ವಸ್ತುವಿನಲ್ಲಿ ಮೋಸ ಮಾಡುವುದು ಇನ್ನೂ ಸುಲಭ. ಮೂಗು ಎಷ್ಟೇ ಚುರುಕಾಗಿದ್ದರೂ ಸೋಪಿನೊಳಗೆ ಏನಿದೆ ಎಂದು ಬಗೆದು ನೋಡಲಾಗದು. ಮೈಸೂರು ಸರ್ಕಾರ ಮಾಡಿದ್ದು ಇಷ್ಟೇ: ಮರ ನಮ್ಮದು, ಎಣ್ಣೆ ನಮ್ಮದು, ಸೋಪು ನಮ್ಮದು, ಮೊಹರು ನಮ್ಮದು, ತಪ್ಪಿದರೆ ಮರ್ಯಾದೆ ಹೋಗುವುದೂ ನಮ್ಮದೇ ಎಂದಿತು. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಬರೆದ ಒಂದು ಚಿಕ್ಕ ಲೇಖನಕ್ಕೆ ಮುಂದೆ ನೊಬೆಲ್ ಬಂತು. ಮಾಲಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಕೆಟ್ಟ ಮಾಲು ಒಳ್ಳೆಯ ಮಾಲನ್ನು ಪೇಟೆಯಿಂದ ಓಡಿಸುತ್ತದೆ ಎಂಬುದು ಅದರ ಸಾರ. ಅದನ್ನು ತಡೆಯುವ ಉಪಾಯಗಳಲ್ಲಿ ಬ್ರ್ಯಾಂಡಿನ ಹೆಸರೂ ಒಂದು ಎಂದು ಆತ ಗುರುತಿಸಿದ. ಮಂಗಳೂರಿನ ಬೀಡಿ ಸೇದುವವರಿಗೆ ಈ ಅರ್ಥಶಾಸ್ತ್ರ ಮೊದಲೇ ಗೊತ್ತಿತ್ತು. ಅಕ್ಷರ ಬಾರದವನೂ ಕಟ್ಟಿನ ಮೇಲಿನ ಗಣೇಶನನ್ನೋ 30 ಎಂಬ ಅಂಕೆಯನ್ನೋ ನೋಡಿಯೇ ಕಾಸು ಕೊಡುತ್ತಿದ್ದ. ‘ಮಾರ್ಕು ಯಾವುದು?’ ಎಂಬುದೇ ಅವನ ಮೊದಲ ಪ್ರಶ್ನೆ.

ಸೋಪಿನ ಕಾರ್ಖಾನೆ 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು. ಮುಂದೆ ಮೈಸೂರು ಸ್ಯಾಂಡಲ್‌ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಈ ನಡುವೆ ಕಾಡಿನಲ್ಲಿ ಗಂಧದ ಮರ ವಿರಳವಾಯಿತು, ಎಣ್ಣೆಯ ಬೆಲೆ ಗಗನಕ್ಕೇರಿತು. ಆದರೂ ಯಜಮಾನ ಬದಲಾಗಲಿಲ್ಲ. ಅರಸರ ಸರ್ಕಾರ ಹೋಗಿ ಜನರ ಸರ್ಕಾರ ಬಂದದ್ದರಿಂದ ಯಜಮಾನಿಕೆ ಕೊಳ್ಳುವವನ ಹತ್ತಿರಕ್ಕೇ ಬಂತೆನ್ನಬಹುದು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ಸೋಪಿನ ರಾಯಭಾರಿ ಮಾಡಿದಾಗ ಎದ್ದ ಗದ್ದಲ ನೆನಪಿರಬಹುದು. ಕನ್ನಡದ ನಟಿಯರಿಲ್ಲವೇ ಎಂದು ಬೈದವರಲ್ಲಿ ಕೊಲ್ಲಿಯ ಕನ್ನಡಿಗರೂ ಇದ್ದರು. ಹೊರರಾಜ್ಯಗಳ ಮಾರುಕಟ್ಟೆ ಹಿಡಿಯಬೇಕಾಗಿದೆ ಎಂದು ಸಚಿವರು ಸಮಜಾಯಿಷಿ ಕೊಟ್ಟರು. ಆ ಜಗಳದಲ್ಲಿ ಯಾರು ಸರಿ ಎಂಬುದು ನನಗೆ ಮುಖ್ಯವಲ್ಲ. ಬೇರೆ ಯಾವುದಾದರೂ ಸೋಪಿಗೆ ಯಾರು ರಾಯಭಾರಿಯಾದರೂ ನಮಗೆ ಏನೂ ಅನಿಸುವುದಿಲ್ಲ. ಇದಕ್ಕೆ ಮಾತ್ರ ಮನೆಯವರ ಹಾಗೆ ಸಿಟ್ಟು ಬಂತು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತದೆ ಎಂದಾಗ ನಂದಿನಿ ಹಾಲಿನ ವಿಷಯದಲ್ಲೂ ಇದೇ ಸಿಟ್ಟು ಕಂಡಿತು. ಗಿರಾಕಿಯಾಗಿ ಬಂದವನು ಪಾಲುದಾರನ ದನಿಯಲ್ಲಿ ಮಾತಾಡಿದ್ದ.

ಅಮೆರಿಕದಲ್ಲೂ ಇಂಥದೊಂದು ನಡೆದಿದೆ. 1985ರ ಏಪ್ರಿಲ್‌ನಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಪಾನೀಯದ ರುಚಿ ಬದಲಿಸಿತು. ಹೆಸರು ಮುಚ್ಚಿಟ್ಟು ಕುಡಿಸಿ ನೋಡಿದಾಗ ಹೊಸ ರುಚಿಯೇ ಚೆನ್ನಾಗಿದೆ ಎಂದು ಹೆಚ್ಚು ಜನ ಹೇಳಿದ್ದರು. ಮಾರಾಟಕ್ಕೆ ಬಿಟ್ಟಾಗ ಜನ ರೊಚ್ಚಿಗೆದ್ದರು, ಪತ್ರ ಬರೆದರು, ಫೋನು ಮಾಡಿ ಉಗಿದರು. ಮೂರು ತಿಂಗಳು ತುಂಬುವುದರೊಳಗೆ ಹಳೆಯದನ್ನು ಮರಳಿ ತರಬೇಕಾಯಿತು. ನಾಲಗೆ ಒಂದು ಹೇಳಿತು, ಮನಸ್ಸು ಇನ್ನೊಂದು ಹೇಳಿತು ಎಂದು ಆ ಕತೆಯನ್ನು ಮುಗಿಸುವವರಿದ್ದಾರೆ. ನನಗೆ ಅದು ಮುರಿದ ಕರಾರಿನ ಸಿಟ್ಟಿನಂತೆ ಕಾಣುತ್ತದೆ: ಇಷ್ಟು ವರ್ಷ ನಿನ್ನ ಮಾತು ನಂಬಿದೆ, ಈಗ ನನ್ನನ್ನು ಕೇಳದೆ ಹೇಗೆ ಬದಲಿಸಿದೆ?

ಎಂಟಿಆರ್ ಕತೆಗೆ ಬರುತ್ತೇನೆ. ಇದರಲ್ಲಿ ಕರಾರು ಕಣ್ಣಿಗೆ ಕಾಣುವ ಹಾಗಿದೆ. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋಗಿ ಅಡುಗೆ ಕೆಲಸ ಮಾಡುತ್ತಿದ್ದ ಮಯ್ಯ ಸಹೋದರರು 1924ರಲ್ಲಿ ಒಂದು ಪುಟ್ಟ ಕಾಫಿ ಕ್ಲಬ್ ತೆರೆದರು. ಆ ಕಾಲದಲ್ಲಿ ಕುಂದಾಪುರ, ಉಡುಪಿ ಕಡೆಯ ಹುಡುಗರಿಗೆ ಬೆಂಗಳೂರು, ಬೊಂಬಾಯಿ, ಮದ್ರಾಸುಗಳೇ ವಿದೇಶ. ಬಹರೈನು, ದುಬೈ ಆಮೇಲಿನ ಮಾತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದರು. ಅಲ್ಲಿನ ಹೋಟೆಲುಗಳ ಅಚ್ಚುಕಟ್ಟು ಅವರ ತಲೆ ಹೊಕ್ಕಿತು. ಪಾತ್ರೆಗಳನ್ನು ಆವಿಯಲ್ಲಿ ತೊಳೆಯುವ ಕ್ರಮ ತಂದರು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಬಂತು, ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡೇ ಊಟದ ಕೋಣೆಗೆ ಹೋಗುವ ವ್ಯವಸ್ಥೆಯೂ ಬಂತು. ಹೋಟೆಲಿನವನು ಬಚ್ಚಿಡುವುದು ಏನನ್ನಾದರೂ ಇದ್ದರೆ ಅಡುಗೆಮನೆಯನ್ನೇ. ಅದನ್ನೇ ತೆರೆದಿಟ್ಟ ಮೇಲೆ ಬೇರೆ ಪ್ರಮಾಣಪತ್ರ ಬೇಕೆ?

ರವೆ ಇಡ್ಲಿ ಹುಟ್ಟಿದ್ದು ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಎಂದು ಎಂಟಿಆರ್‌ನವರೇ ಹೇಳುತ್ತಾರೆ. ಅಕ್ಕಿ ಸಿಗದಿದ್ದಾಗ ಬಾಗಿಲು ಹಾಕುವ ಬದಲು ರವೆಯಲ್ಲಿ ಇಡ್ಲಿ ಮಾಡಿದರಂತೆ. ನಿಜವಾದ ಪರೀಕ್ಷೆ ಬಂದದ್ದು ತುರ್ತುಪರಿಸ್ಥಿತಿಯಲ್ಲಿ. 1975ರ ನಂತರ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆ ಇಳಿಸಿ ನಿಗದಿ ಮಾಡಿತು. ಹೆಚ್ಚಿನವರಿಗೆ ಇದ್ದ ದಾರಿ ಎರಡು: ತುಪ್ಪ ಕಡಿಮೆ ಮಾಡುವುದು, ಇಲ್ಲವೇ ದೋಸೆ ಚಿಕ್ಕದು ಮಾಡುವುದು. ಮಯ್ಯರ ಹೋಟೆಲು ಎರಡನ್ನೂ ಮಾಡಲಿಲ್ಲ. ನಿಗದಿಯಾದ ಬೆಲೆಗೇ ಹಳೆಯ ಗುಣಮಟ್ಟದ ತಿಂಡಿ ಕೊಟ್ಟು, ಆ ದಿನ ಎಷ್ಟು ನಷ್ಟವಾಯಿತು ಎಂದು ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದರು. ತಾಳಲಾಗದೆ ಕೆಲವೇ ವಾರಗಳಲ್ಲಿ ಬಾಗಿಲು ಮುಚ್ಚಿದರು. ಹಲ್ಲು ಕಚ್ಚಿ ತುಪ್ಪ ಕಡಿಮೆ ಮಾಡಿದ್ದರೆ ಹೋಟೆಲು ಆಗ ಉಳಿಯುತ್ತಿತ್ತು. ಇವತ್ತು ಸೆಗಯಾದ ಅಂಗಡಿಯಲ್ಲಿ ಆ ಹೆಸರು ಇರುತ್ತಿತ್ತೋ ಇಲ್ಲವೋ. ಮುಚ್ಚಿದ ಹೋಟೆಲಿನ ಕೆಲಸಗಾರರಿಗೆ ಕೆಲಸ ಬೇಕಿತ್ತು. ಪಕ್ಕದ ಅಂಗಡಿಯಲ್ಲಿ ಸಾರಿನ ಪುಡಿ, ರವೆ ಇಡ್ಲಿಯ ಮಿಶ್ರಣ ಕಟ್ಟಿ ಮಾರುವ ಕೆಲಸ ದೊಡ್ಡದಾದದ್ದು ಹೀಗೆ. ಗುಲಾಬ್ ಜಾಮೂನಿನ ಪೊಟ್ಟಣ, ಬಿಸಿಬೇಳೆಬಾತಿನ ಪುಡಿ, ವಿಮಾನದ ಸೂಟ್‌ಕೇಸಿನೊಳಗೆ ಸೇರಿದ ಎಲ್ಲ ಪೊಟ್ಟಣಗಳ ಮೂಲ ಆ ನಷ್ಟದ ಬೋರ್ಡು.

ಇಲ್ಲಿಂದ ಮುಂದೆ ಕತೆ ತೊಡಕಾಗುತ್ತದೆ. 2007ರಲ್ಲಿ ನಾರ್ವೆಯ ಓರ್ಕ್ಲಾ ಎಂಬ ಕಂಪನಿ ಸುಮಾರು 8 ಕೋಟಿ ಡಾಲರ್ ಕೊಟ್ಟು ಎಂಟಿಆರ್ ಫುಡ್ಸನ್ನು ಕೊಂಡುಕೊಂಡಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು, ಸಿಂಗಪುರ, ದುಬೈಗಳಲ್ಲೂ ಶಾಖೆ ತೆರೆಯಿತು. ಪೊಟ್ಟಣದ ವ್ಯಾಪಾರವನ್ನು ಬೆಳೆಸಿದ್ದ ಸದಾನಂದ ಮಯ್ಯರು ಮಾರಾಟದ ನಂತರ ‘ಮಯ್ಯಾಸ್’ ಎಂಬ ಬೇರೆ ಹೆಸರಿನಲ್ಲಿ ತಿಂಡಿ ತಿನಿಸು ತಂದರು. ಈಗ ಹೇಳಿ, ನಿಷ್ಠಾವಂತ ಗಿರಾಕಿ ಯಾವ ಕಡೆ ಹೋಗಬೇಕು? ಹೆಸರಿನ ಕಡೆಗೋ, ಹೆಸರು ಕಟ್ಟಿದ ಮನುಷ್ಯನ ಕಡೆಗೋ, ದೋಸೆ ಹುಯ್ಯುವ ಕಲ್ಲಿನ ಕಡೆಗೋ? ಬಹುಪಾಲು ಜನ ಹೆಸರಿನ ಕಡೆಗೇ ನಿಂತರು. ನಾರ್ವೆಯವರು ದುಡ್ಡು ಕೊಟ್ಟದ್ದೂ ಯಂತ್ರಗಳಿಗಿಂತ ಹೆಚ್ಚಾಗಿ ಇದಕ್ಕೇ. ಅವರು ರುಚಿ ಕೆಡಿಸಿದರು ಎಂದು ನಾನು ಹೇಳುವುದಿಲ್ಲ. ಕೆಡಿಸದೆ ಇರುವಷ್ಟು ಜಾಣತನ ಅವರಿಗಿದೆ.

ಸೆಗಯಾದಲ್ಲಿ ಕೂತು ನೋಡಿದರೆ ಇದಕ್ಕೊಂದು ಉಪಕತೆಯಿದೆ. ಈ ಬಡಾವಣೆ ಮಲಯಾಳಿಗಳದ್ದೂ ಹೌದು. 1947ರಲ್ಲಿ ಹುಟ್ಟಿದ ಬಹರೈನ್ ಕೇರಳೀಯ ಸಮಾಜದ ದೊಡ್ಡ ಕಟ್ಟಡ ಇಲ್ಲೇ ಇದೆ. ಒಂದೇ ಮಹಡಿಯ ಎದುರುಬದುರು ಮನೆಗಳಲ್ಲಿ ನಾವು ಮತ್ತು ಅವರು. ಅವರ ಅಡುಗೆಮನೆಯಲ್ಲಿ ಈಸ್ಟರ್ನ್ ಮಸಾಲೆ, ನಮ್ಮದರಲ್ಲಿ ಎಂಟಿಆರ್. ಮೀನು ಸಾರಿಗೆ ಯಾವುದು ಸರಿ ಎಂಬ ಚರ್ಚೆ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲೂ ನಡೆದಿದೆ, ಓಣಂ ಸದ್ಯದಲ್ಲೂ ನಡೆದಿದೆ. ಮೀರಾನ್ ಎಂಬವರು 1983ರಲ್ಲಿ ಕೇರಳದ ಅಡಿಮಾಲಿಯಲ್ಲಿ ಆರಂಭಿಸಿದ ಆ ಈಸ್ಟರ್ನ್ ಕಂಪನಿಯ ಹೆಚ್ಚಿನ ಪಾಲನ್ನು 2021ರಲ್ಲಿ ಅದೇ ಓರ್ಕ್ಲಾ ಕೊಂಡುಕೊಂಡಿತು. ಅಂದರೆ ನಮ್ಮ ಮನೆಯ ದುಡ್ಡೂ ಎದುರುಮನೆಯ ದುಡ್ಡೂ ಹೋಗಿ ಸೇರುವುದು ಓಸ್ಲೋದ ಒಂದೇ ಪೆಟ್ಟಿಗೆಗೆ. ಇದನ್ನು ಹೇಳಿದಾಗ ನಕ್ಕವರುಂಟು, ನಂಬದವರೂ ಉಂಟು. ಪೊಟ್ಟಣ ಬದಲಿಸಿದವರನ್ನು ಮಾತ್ರ ನಾನು ಕಾಣೆ.

ನಿಷ್ಠೆ ಎಂದರೆ ತವರಿನ ಸಾಮಾನಿಗೆ ಮಾತ್ರ ಎಂದುಕೊಂಡರೆ ಅದೂ ತಪ್ಪು. ಎಂಬತ್ತರ ದಶಕದಲ್ಲಿ ಊರಿಗೆ ಹೊರಟ ಸೂಟ್‌ಕೇಸಿನೊಳಗೆ ಟ್ಯಾಂಗ್, ನಿಡೋ ಹಾಲಿನ ಪುಡಿ, ಟೈಗರ್ ಬಾಮ್ ಇರಲೇಬೇಕಿತ್ತು. ಆಮದಿಗೆ ಬಿಗಿ ಕಟ್ಟುಪಾಡು ಇದ್ದ ಕಾಲ ಅದು. ಕಾಪು, ಮೂಲ್ಕಿ, ಭಟ್ಕಳ, ಕಾಸರಗೋಡಿನ ಮನೆಗಳಲ್ಲಿ ಲಕ್ಸ್ ಸೋಪಿಗೇ ಎರಡು ಜಾತಿ: ಊರಿನ ಲಕ್ಸು, ಗಲ್ಫಿನ ಲಕ್ಸು. ಎರಡನೆಯದು ನೆಂಟರು ಬಂದಾಗ ಮಾತ್ರ ಬಚ್ಚಲಿಗೆ ಬರುತ್ತಿತ್ತು. 1991ರ ನಂತರ ಎಲ್ಲವೂ ಊರಿನಲ್ಲೇ ಸಿಗತೊಡಗಿದರೂ ಆ ನಂಬಿಕೆ ಪೂರ್ತಿ ಹೋಗಲಿಲ್ಲ. ‘ಅಲ್ಲಿಂದಲೇ ಒಂದು ಟೈಗರ್ ಬಾಮ್ ತಾ ಮಗಾ’ ಎನ್ನುವ ಅಮ್ಮಂದಿರು ಈಗಲೂ ಇದ್ದಾರೆ. ಆ ಬಾಮು ಪೇಟೆಯ ಔಷಧದಂಗಡಿಯಲ್ಲೂ ಸಿಗುತ್ತದೆ, ಮಗ ಕೊಟ್ಟ ಹಾಗೆ ಆಗುವುದಿಲ್ಲ, ಅಷ್ಟೇ. ಇತ್ತ ನಮ್ಮ ಮಕ್ಕಳು ರಂಜಾನ್ ಬಂದರೆ ವಿಮ್ಟೋ ಬೇಕು ಎನ್ನುತ್ತಾರೆ. 1908ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನಿಕಲ್ಸ್ ಎಂಬಾತ ಶಕ್ತಿವರ್ಧಕ ಟಾನಿಕ್ಕೆಂದು ಮಾಡಿದ ನೇರಳೆ ಬಣ್ಣದ ಶರಬತ್ತು ಅದು. ಹುಟ್ಟಿದ ಊರಿನಲ್ಲಿ ಹತ್ತರಲ್ಲಿ ಹನ್ನೊಂದನೆಯ ಪಾನೀಯ. ಇಲ್ಲಿ ಇಫ್ತಾರಿನ ಮೇಜಿನ ಅರಸ. ದಿನವಿಡೀ ಉಪವಾಸವಿದ್ದ ಗಂಟಲಿಗೆ ಮೊದಲು ಇಳಿಯುವ ಸಿಹಿ ಯಾವುದೋ ಅದಕ್ಕೆ ಜನ ನಿಲ್ಲುತ್ತಾರೆ. ನಮ್ಮ ಮಕ್ಕಳು ಉಪವಾಸ ಮಾಡದಿದ್ದರೂ ನೆರೆಮನೆಯ ಸಂಭ್ರಮ ಅವರ ನಾಲಗೆಯಲ್ಲಿ ಕೂತಿದೆ. ಅವರಿಗೆ ಮೈಸೂರು ಸ್ಯಾಂಡಲ್ ಎಂದರೆ ‘ಅಜ್ಜಿ ಮನೆ ವಾಸನೆ’. ಒಳ್ಳೆಯ ಮಾತೇ, ಆದರೆ ಅಜ್ಜಿ ಮನೆ ರಜೆಗೆ ಹೋಗುವ ಜಾಗ.

ಮೂರನೆಯ ಹೆಸರು ಬಾಯಿಗೆ ಹಾಕುವುದೂ ಅಲ್ಲ, ಮೈಗೆ ಹಚ್ಚುವುದೂ ಅಲ್ಲ. ಬ್ಯಾಂಕೂ ಒಂದು ಬ್ರ್ಯಾಂಡೇ ಎಂದರೆ ಕೆಲವರಿಗೆ ಒಪ್ಪಿಗೆಯಾಗದು. ಆದರೆ ಕರಾವಳಿಯಿಂದ ಕೊಲ್ಲಿಗೆ ಬಂದವನು ಹೆಚ್ಚು ವರ್ಷ ನಿಯತ್ತಾಗಿ ಕೊಂಡ ಸರಕು ಯಾವುದು ಎಂದು ಕೇಳಿದರೆ ನಾನು ಅದನ್ನೇ ಹೇಳುತ್ತೇನೆ. ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು ಹುಟ್ಟಿದವು. ಅವುಗಳಲ್ಲಿ ಸಿಂಡಿಕೇಟಿನದು ಬೇರೆಯೇ ಬಗೆ. 1925ರಲ್ಲಿ ಉಡುಪಿಯಲ್ಲಿ ವೈದ್ಯ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಅದನ್ನು ತೆರೆದರು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದ ಹೊತ್ತು ಅದು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ.

ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಅಷ್ಟು ಕಾಸಿಗಾಗಿ ಆಷಾಢದ ಮಳೆಯಲ್ಲಿ ಕೊಡೆ ಹಿಡಿದು, ಗದ್ದೆಯ ಹುಣಿ ದಾಟಿ, ಮೀನು ಮಾರುವ ಹೆಂಗಸಿನ, ಬೀಡಿ ಕಟ್ಟುವ ಹೆಂಗಸಿನ ಮನೆಗೆ ಒಬ್ಬ ಮನುಷ್ಯ ದಿನವೂ ಬರುತ್ತಾನೆ. ಸಾಹುಕಾರನ ಅಂಗಳದಲ್ಲಿ ನಿಂತು ಅಭ್ಯಾಸವಾದವರಿಗೆ ಬ್ಯಾಂಕೇ ತಮ್ಮ ಅಂಗಳಕ್ಕೆ ಬಂದು ನಿಲ್ಲುವುದು ಎಂಥ ಮಾತು! ಎಂಟಿಆರ್‌ನ ಬೋರ್ಡಿನಲ್ಲಿ, ಮೈಸೂರಿನ ಶರಭದಲ್ಲಿ ನಡೆದದ್ದೇ ಇಲ್ಲೂ ನಡೆಯಿತು. ನಿಷ್ಠೆಯನ್ನು ಮೊದಲು ತೋರಿಸಿದವನು ಅಂಗಡಿಯವನು. ಗಿರಾಕಿಯದು ಅದಕ್ಕೆ ಕೊಟ್ಟ ಮರುಮಾತು. ಆ ಅಮ್ಮನ ಮಗ ಮುಂದೆ ಬಹರೈನಿಗೆ ಬಂದು ಮೊದಲ ಸಂಬಳ ಕಳಿಸುವಾಗ ಬೇರೆ ಬ್ಯಾಂಕಿನ ಬಡ್ಡಿ ಎಷ್ಟೆಂದು ವಿಚಾರಿಸಲಿಲ್ಲ. ಅಮ್ಮನ ಪಿಗ್ಮಿ ಎಲ್ಲಿತ್ತೋ ಅಲ್ಲಿಗೇ ಕಳಿಸಿದ. ಹಳೆಯ ಸಿಂಡಿಕೇಟ್ ಬ್ಯಾಂಕಿನ ಲಾಂಛನದಲ್ಲಿ ಒಂದು ನಾಯಿಯ ಚಿತ್ರವಿತ್ತು. ನಂಬಿಗಸ್ತ, ಸ್ನೇಹಿತ ಎಂಬ ಅರ್ಥದ ಇಂಗ್ಲಿಷ್ ಘೋಷವಾಕ್ಯ ಜೊತೆಗಿತ್ತು. ಬೇರೆ ಬ್ಯಾಂಕುಗಳು ಲಕ್ಷ್ಮಿ, ಕಮಲ, ಚಕ್ರ ಎಂದು ಹುಡುಕುತ್ತಿದ್ದಾಗ ಇವರು ನಾಯಿಯನ್ನು ಆರಿಸಿಕೊಂಡದ್ದು ನನಗೆ ಯಾವಾಗಲೂ ಇಷ್ಟ. ಆ ಚಿತ್ರದಲ್ಲಿ ನಾಯಿ ಬ್ಯಾಂಕು, ಮನೆಯ ಯಜಮಾನ ಗಿರಾಕಿ.

1969ರ ಜುಲೈನಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1980ರಲ್ಲಿ ವಿಜಯಾ, ಕಾರ್ಪೊರೇಶನ್ ಸೇರಿದವು. ಹೆಸರು ಉಳಿದದ್ದರಿಂದ ಜನರಿಗೆ ಒಡೆತನ ಬದಲಾದದ್ದು ಅಷ್ಟಾಗಿ ನಾಟಲಿಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿ ಕಣ್ಮರೆಯಾದಾಗ ನಾಟಿತು. ಲಾಭದಲ್ಲಿದ್ದ ಊರಿನ ಬ್ಯಾಂಕನ್ನು ಯಾಕೆ ಕರಗಿಸಿದಿರಿ ಎಂದು ಮಂಗಳೂರಿನಲ್ಲಿ ಜನ ಬೀದಿಗಿಳಿದರು. ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ ಸೇರಿದವು. ಐದರಲ್ಲಿ ಮೂರು ಫಲಕಗಳು ಇಳಿದವು. ಕೊರೊನಾದ ಲಾಕ್‌ಡೌನಿನ ನಡುವೆ ಇಳಿದದ್ದರಿಂದ ಸಿಂಡಿಕೇಟಿನದನ್ನು ನಿಂತು ನೋಡಿದವರೂ ಕಡಿಮೆ.

ಈ ಮೂರನ್ನೂ ಒಟ್ಟಿಗಿಟ್ಟಾಗ ನನಗೆ ಕಾಡುವ ಪ್ರಶ್ನೆ ಒಂದಿದೆ. ವಿಶ್ವಾಸವನ್ನು ಹುಟ್ಟಿಸಿದವರು ಒಬ್ಬರು, ಅದನ್ನು ಎರಡು ಮೂರು ತಲೆಮಾರು ಸಾಕಿದವರು ಗಿರಾಕಿಗಳು, ಅದಕ್ಕೆ ಬೆಲೆ ಕಟ್ಟಿ ಮಾರುವಾಗ ಅಥವಾ ಅಳಿಸಿ ಹಾಕುವಾಗ ಕೂತು ಮಾತಾಡುವವರು ಮತ್ತೊಬ್ಬರು. ಗಿರಾಕಿಗೆ ಆ ಮೇಜಿನಲ್ಲಿ ಕುರ್ಚಿಯಿಲ್ಲ. ಸೋಪಿನ ವಿಷಯದಲ್ಲಿ ಕನಿಷ್ಠ ಕೂಗಾಡಬಹುದು, ಸಚಿವರು ಉತ್ತರ ಕೊಡಲೇಬೇಕಾಗುತ್ತದೆ. ಶರಭ ಇನ್ನೂ ನಮ್ಮ ಜೊತೆ ಇರುವುದಕ್ಕೆ ಅದೂ ಒಂದು ಕಾರಣವಿರಬೇಕು. ಆ ವಿಶ್ವಾಸಕ್ಕೆ ಎಷ್ಟು ಬೆಲೆಯಿದೆ ಎಂಬುದು ಕಳ್ಳರಿಗೆ ಚೆನ್ನಾಗಿ ಗೊತ್ತು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ತಯಾರಿಸುತ್ತಿದ್ದ ಜಾಲವೊಂದು ಸಿಕ್ಕಿಬಿತ್ತು, ಸುಮಾರು 2 ಕೋಟಿ ರೂಪಾಯಿಯ ಮಾಲು ವಶವಾಯಿತು. ಅಲ್ಲಿ ಸಿಕ್ಕಿದ್ದರಲ್ಲಿ ಸೋಪಿನ ಜೊತೆಗೆ ಖಾಲಿ ಡಬ್ಬಗಳ ರಾಶಿಯೂ ಇತ್ತು.

ಸಿಂಡಿಕೇಟಿನ ವಿಷಯಕ್ಕೆ ಇನ್ನೊಂದೇ ಮಾತು. ಫಲಕ ಇಳಿದ ಮೇಲೂ ಅದರ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತ ಸ್ವಲ್ಪ ಕಾಲ ನಡೆಯಿತು. ಎಸ್‌ವೈಎನ್‌ಬಿ ಎಂದು ಶುರುವಾಗುವ ಆ ಅಕ್ಷರಗಳು ಇಲ್ಲಿಂದ ದುಡ್ಡು ಕಳಿಸುವವರಿಗೆ ಬಾಯಿಪಾಠ. 2021ರ ಜುಲೈ 1ರಿಂದ ಅವೂ ನಿಂತವು, ಕೆನರಾದ ಹೊಸ ಸಂಕೇತ ಬರೆಸಬೇಕಾಯಿತು. ಎಕ್ಸ್‌ಚೇಂಜ್ ಹೌಸಿನ ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಕೆನರಾ ಎಂದು ಒತ್ತುತ್ತಾಳೆ. ಈಚೆ ನಿಂತ ನಮ್ಮ ಹಿರಿಯರು ‘ಯಾವ ಬ್ಯಾಂಕು?’ ಎಂದು ಕೇಳಿದರೆ ಇನ್ನೂ ಸಿಂಡಿಕೇಟ್ ಎನ್ನುತ್ತಾರೆ. ಅವಳಿಗೂ ಅರ್ಥವಾಗುತ್ತದೆ.